ತಳವಾರನ ಗಸ್ತು ಮತ್ತು ಹಸಿರು ಚುಕ್ಕೆ



ಕಳೆದ ಶ್ರಾವಣದ ಒಂದು ಭಾನುವಾರ ಸಂಘದ ಕನ್ನಡ ತರಗತಿ ಮುಗಿಸಿ ಚಹಾ ಕುಡಿಯುತ್ತ ನಿಂತಿದ್ದಾಗ ನಿಮ್ಮಲ್ಲೇ ನಾಲ್ಕಾರು ಮಂದಿ ನನ್ನನ್ನು ಸುತ್ತುಗಟ್ಟಿದಿರಿ. "ಕಾಕಾ, ಯಾವಾಗಲೂ ಹಳೇ ಕಥೆನೇ ಬರೀತೀರಿ. ಒಂದ್ ಸಲ ನಮ್ಮ ಕಾಲದ ವಿಷಯ ಬರೀರಿ" ಎಂದಿರಿ. ಅಂದೇ ಒಪ್ಪಿಕೊಂಡೆ. ಇಗೋ, ಈ ಸಂಚಿಕೆಯಲ್ಲಿ ಅಂಗೈಯಗಲದ ಒಂದು ಗಣಕಯಂತ್ರದ ವಿಷಯ. ಆದರೆ ಹಳೇ ಕಥೆ ಪೂರ್ತಿ ಬಿಟ್ಟುಹೋದೀತೆಂದು ಖುಷಿಪಡಬೇಡಿ. ಆರಂಭ ಅಲ್ಲಿಂದಲೇ.

ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ತಳವಾರ ಎಂಬವನೊಬ್ಬ ಇರುತ್ತಿದ್ದ. ಪುಣೆಯಲ್ಲೇ ಹುಟ್ಟಿ ಬೆಳೆದ ನಿಮ್ಮಲ್ಲಿ ಅನೇಕರು ಈ ಪದವನ್ನೇ ಕೇಳಿರಲಾರಿರಿ. ನಿಮ್ಮ ಮರಾಠಿ ಗೆಳೆಯರನ್ನು ಕೇಳಿ, ತಮ್ಮ ಊರಿನ ಕೋತವಾಲನ ಬಗ್ಗೆ ಹೇಳಿಯಾರು. ಹೆಚ್ಚುಕಡಿಮೆ ಅದೇ ಕೆಲಸ. ರಾತ್ರಿ ಕೈಯಲ್ಲಿ ಕೋಲು ಹಿಡಿದು ಓಣಿ ಓಣಿ ಸುತ್ತುವುದು, ಅಂದರೆ ಗಸ್ತು ತಿರುಗುವುದು. ಯಾರ ಮನೆಯ ಕದ ತೆರೆದಿದೆ, ಯಾರ ದನ ಹಗ್ಗ ಬಿಚ್ಚಿಕೊಂಡಿದೆ ಎಂದು ನೋಡುವುದು, ಏನಾದರೂ ಎಡವಟ್ಟಾಗಿದ್ದರೆ ಮನೆಯವರನ್ನು ಎಬ್ಬಿಸುವುದು. ಒಂದು ಮಾತು ನೆನಪಿಡಿ: ತಳವಾರ ಓಣಿಯಿಂದ ನೋಡುತ್ತಿದ್ದನೇ ಹೊರತು ಮನೆಯೊಳಗೆ ಇಣುಕುತ್ತಿರಲಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ಇನ್ನು ನಮ್ಮ ಮನೆಯ ಕಥೆ. ನನ್ನ ಅವ್ವ ಧಾರವಾಡದಲ್ಲಿ ಒಬ್ಬಳೇ ಇದ್ದಾಳೆ. ಎಪ್ಪತ್ತೆಂಟು ದಾಟಿದೆ. "ಪುಣೆಗೆ ಬಾ" ಎಂದರೆ, "ನಿಮ್ಮ ಮೂರನೇ ಮಜಲಿನ್ಯಾಗ ನನ್ನ ತುಳಸಿಕಟ್ಟಿ ಎಲ್ಲಿ ಇಡ್ಲಿ?" ಎನ್ನುತ್ತಾಳೆ. ಅಲ್ಲಿ ನೆಟ್ ಹಾಕಿಸಿದ್ದೇವೆ, ಮನೆಯ ಫೋನೂ ಅದರ ಮೇಲೆಯೇ ಓಡುತ್ತದೆ. ಹೋದ ವರ್ಷಕ್ಕೆ ಹಿಂದಿನ ಮಳೆಗಾಲದಲ್ಲಿ ಎರಡು ದಿನ ಅದು ಸತ್ತುಹೋಯಿತು. ಅವ್ವನ ಮೊಬೈಲು ಎಂದಿನಂತೆ ದೇವರಮನೆಯ ಕಪಾಟಿನಲ್ಲಿ ಮಲಗಿತ್ತು. ನಾವು ಇಲ್ಲಿ, ಆಕೆ ತಂಗಿಯ ಮನೆಗೆ ಹೋಗಿರಬೇಕು ಎಂದುಕೊಂಡೆವು. ಆಕೆ ಅಲ್ಲಿ, ಮಗ ಮೊಮ್ಮಗಳು ಮರೆತರು ಎಂದುಕೊಂಡಳು. ಯಾರದೂ ತಪ್ಪಿಲ್ಲ, ಆದರೂ ಎರಡು ದಿನ ಮೂರು ಜನ ಸಂಕಟಪಟ್ಟೆವು.

ಆಗ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದ ನನ್ನ ಮಗಳು, "ಅಪ್ಪಾ, ಇದಕ್ಕೊಂದು ದಾರಿ ಇದೆ. ಅಜ್ಜಿ ಮನೇಲಿ ಒಂದು ಪುಟ್ಟ ಕಂಪ್ಯೂಟರ್ ಇಡೋಣ" ಎಂದಳು. ಬುಧವಾರ ಪೇಟೆಯ ತಪ್ಕೀರ್ ಗಲ್ಲಿಯಲ್ಲಿ ಒಂದು ಮಧ್ಯಾಹ್ನವೆಲ್ಲ ಅಲೆದು ಎರಡು ತಂದೆವು. ಹೆಸರು ರಾಸ್ಪ್‌ಬೆರಿ ಪೈ.

ಈ ಯಂತ್ರದ ಬಗ್ಗೆ ನಾಲ್ಕು ಮಾತು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಬೆನ್ ಅಪ್ಟನ್ ಮತ್ತು ಸಂಗಡಿಗರು, ಶಾಲೆಯ ಮಕ್ಕಳಿಗೆ ಧೈರ್ಯವಾಗಿ ಬಿಚ್ಚಿ ಜೋಡಿಸಿ ಕಲಿಯಲು ಅಗ್ಗದ ಗಣಕಯಂತ್ರವೊಂದು ಬೇಕೆಂದು ಇದನ್ನು ಮಾಡಿದರು. 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದಾಗ ಬೆಲೆ 35 ಡಾಲರ್, ಗಾತ್ರ ಬ್ಯಾಂಕಿನ ಕಾರ್ಡಿನಷ್ಟು, ಸ್ಮೃತಿ ಕೇವಲ 256 ಮೆಗಾಬೈಟ್. 2015ರಲ್ಲಿ ಬಂದ ಪೈ ಝೀರೋಗೆ 5 ಡಾಲರ್. ನಾವು ತಂದದ್ದು 2021ರಲ್ಲಿ 15 ಡಾಲರಿಗೆ ಬಂದ ಝೀರೋ 2 ಡಬ್ಲ್ಯು ಎಂಬ ಮಾದರಿ. ಇಲ್ಲಿನ ಬೆಲೆ ಏರಿಳಿಯುತ್ತಿರುತ್ತದೆ, ಕೊಳ್ಳುವ ಮುಂಚೆ ನಾಲ್ಕು ಅಂಗಡಿ ವಿಚಾರಿಸಿ.

"ಇಂಥದ್ದು ನಮ್ಮವರಿಗೇಕೆ ಹೊಳೆಯಲಿಲ್ಲ?" ಎಂದು ನಿಮ್ಮಲ್ಲೊಬ್ಬ ಕೇಳಿದ್ದ. ಹೊಳೆದಿತ್ತಪ್ಪ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಇವರು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರೊಡನೆ ಸೇರಿ ಸಿಂಪ್ಯೂಟರ್ ಎಂಬ ಅಂಗೈ ಗಣಕಯಂತ್ರವನ್ನು ರೂಪಿಸಿದರು. ಅದಕ್ಕೆಂದು 1999ರಲ್ಲಿ ಒಂದು ಟ್ರಸ್ಟ್ ಕಟ್ಟಿ, 2001ರಲ್ಲಿ ಮಾದರಿ ತೋರಿಸಿದರು. ಓದುಬರಹ ಬಾರದವರೂ ಬಳಸುವಂತಿರಬೇಕು, ಕನ್ನಡದಲ್ಲೂ ಮಾತಾಡಬೇಕು, ಬೆಲೆ ಸುಮಾರು 9,000 ರೂಪಾಯಿ ಮೀರಬಾರದು ಎಂಬುದು ಅವರ ಕನಸು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಅದರ ಒಂದು ಮಾದರಿಯನ್ನು 'ಅಮೀದಾ' ಎಂಬ ಹೆಸರಿನಲ್ಲಿ ತಯಾರಿಸಿತು. ನಿರೀಕ್ಷಿಸಿದಷ್ಟು ಮಾರಾಟವಾಗದೆ ಅದು ತೆರೆಮರೆಗೆ ಸರಿಯಿತು. ಆದರೆ ಗಮನಿಸಿ, ಸಿಂಪ್ಯೂಟರಿನ ಒಳಗಿದ್ದದ್ದು ಆರ್ಮ್ ಜಾತಿಯ ಚಿಪ್ಪು ಮತ್ತು ಲಿನಕ್ಸ್. ರಾಸ್ಪ್‌ಬೆರಿ ಪೈ ಒಳಗೂ ಆರ್ಮ್ ಜಾತಿಯ ಚಿಪ್ಪು, ಅದರ ಮೇಲೂ ಲಿನಕ್ಸ್. ನಮ್ಮವರು ಹೊರಟ ದಾರಿ ಸರಿಯಾಗಿಯೇ ಇತ್ತು. ಸಂತೆ ನೆರೆಯುವ ಮೊದಲೇ ಅಂಗಡಿ ತೆರೆದಿದ್ದರು, ಅಷ್ಟೇ.

ಇಷ್ಟು ಚಿಕ್ಕ ಯಂತ್ರ ಕಾವಲು ಕಾಯಬಲ್ಲುದೆ? ಧಾರಾಳವಾಗಿ. ಕಾವಲಿಗೆ ಬೇಕಾದದ್ದು ತೋಳ್ಬಲವಲ್ಲ, ನಿದ್ದೆಗೆಡುವ ತಾಳ್ಮೆ. ಪೂರ್ತಿ 3 ವ್ಯಾಟ್ ತಿನ್ನುತ್ತದೆ ಎಂದು ಹಿಡಿದರೂ ತಿಂಗಳಿಗೆ ಎರಡು ಯೂನಿಟ್ ಚಿಲ್ಲರೆ ವಿದ್ಯುತ್ತು. ಫ್ಯಾನಿಲ್ಲ, ಸದ್ದಿಲ್ಲ.

ಕಾವಲಿನ ಮೊದಲ ಪಾಠ 'ಪಿಂಗ್'. 1983ರ ಡಿಸೆಂಬರಿನಲ್ಲಿ ಅಮೆರಿಕದ ಮೈಕ್ ಮೂಸ್ ಎಂಬಾತ ಬರೆದ ಪುಟ್ಟ ತಂತ್ರಾಂಶ. ಜಲಾಂತರ್ಗಾಮಿಯವರು ನೀರಿನಲ್ಲಿ ಸದ್ದು ಬಿಟ್ಟು ಪ್ರತಿಧ್ವನಿಗೆ ಕಾಯುತ್ತಾರಲ್ಲ, ಆ ಸದ್ದಿನ ಹೆಸರನ್ನೇ ಇದಕ್ಕಿಟ್ಟ. ಒಂದು ಯಂತ್ರ ಇನ್ನೊಂದಕ್ಕೆ "ಓ ಎನ್ನು" ಎನ್ನುತ್ತದೆ. ಅದು "ಓ" ಎಂದರೆ ದಾರಿ ಸರಿಯಿದೆ. ಉತ್ತರ ಬರಲು ಎಷ್ಟು ಹೊತ್ತಾಯಿತು ಎಂಬುದೂ ತಿಳಿಯುತ್ತದೆ. ನಾವು ಮೆಟ್ಟಿಲ ಕೆಳಗಿನಿಂದ "ಮನ್ಯಾಗ ಯಾರದೀರಿ?" ಎಂದು ಕೂಗುವ ಹಾಗೆ.

ಇಂಥ ಕೂಗನ್ನು ಹೊತ್ತುಹೊತ್ತಿಗೆ ಕೂಗಿಸಿ, ಲೆಕ್ಕ ಬರೆದಿಟ್ಟು, ತಪ್ಪಿದಾಗ ಮಾಲೀಕರನ್ನು ಎಬ್ಬಿಸುವ ಮೇಸ್ತ್ರಿ ಬೇಕಲ್ಲ? ಅದಕ್ಕೆ 'ನಾಗಿಯೋಸ್' ಎಂಬ ತಂತ್ರಾಂಶವಿದೆ. ಈಥನ್ ಗಾಲ್‌ಸ್ಟಡ್ 1999ರಲ್ಲಿ ನೆಟ್‌ಸೇಂಟ್ ಎಂಬ ಹೆಸರಿನಲ್ಲಿ ಹೊರತಂದು, 2002ರಲ್ಲಿ ಹೆಸರು ಬದಲಿಸಿದ. ಅದರ ಮೂಲರೂಪ ಉಚಿತ, ಪೈ ಮೇಲೆಯೂ ಓಡುತ್ತದೆ. ಅದರ ಮೂರು ಗುಣಗಳನ್ನು ಹೇಳುತ್ತೇನೆ, ಮನುಷ್ಯರಾದ ನಾವೂ ಕಲಿಯುವಂಥವು.

ಮೊದಲನೆಯದು, ಅದು ಒಮ್ಮೆಗೇ ಬೊಬ್ಬೆ ಹೊಡೆಯುವುದಿಲ್ಲ. ಒಂದು ಕೂಗಿಗೆ ಉತ್ತರ ಬರದಿದ್ದರೆ ಮತ್ತೆ ಕೂಗಿ ನೋಡುತ್ತದೆ. ನಾವು ಹೇಳಿದಷ್ಟು ಸಲ ತಪ್ಪಿದ ಮೇಲೆಯೇ ಸುದ್ದಿ ಮುಟ್ಟಿಸುತ್ತದೆ. ಎರಡನೆಯದು, ಸೇತುವೆ ಕುಸಿದರೆ ಆಚೆ ದಡದ ಮನೆಗಳೆಲ್ಲ ಬಿದ್ದವು ಎನ್ನುವುದಿಲ್ಲ. ಯಾವ ಯಂತ್ರ ಯಾವುದರ ಹಿಂದಿದೆ ಎಂದು ಮೊದಲೇ ತಿಳಿಸಿಟ್ಟರೆ, "ಅವು ಸತ್ತಿವೆ" ಎನ್ನುವ ಬದಲು "ಅಲ್ಲಿಗೆ ತಲುಪಲಾಗುತ್ತಿಲ್ಲ" ಎನ್ನುತ್ತದೆ. ಮೂರನೆಯದು ನನಗೆ ಬಹಳ ಮೆಚ್ಚಿಗೆಯಾದದ್ದು. ಒಂದೊಂದು ಪರೀಕ್ಷೆಗೂ ಅದರ ಬಳಿ ನಾಲ್ಕು ಉತ್ತರಗಳಿವೆ: ಸರಿಯಿದೆ, ಎಚ್ಚರ, ಗಂಡಾಂತರ, ಮತ್ತು ಗೊತ್ತಿಲ್ಲ. "ಗೊತ್ತಿಲ್ಲ" ಎಂದು ಒಪ್ಪಿಕೊಳ್ಳುವ ದೊಡ್ಡತನ ನಮ್ಮಲ್ಲಿ ಎಷ್ಟು ಜನಕ್ಕಿದೆ ಹೇಳಿ!

ಇಲ್ಲೊಂದು ತೊಡಕು ಬಂತು. ಧಾರವಾಡದ ಮನೆಯ ನೆಟ್ಟಿಗೆ ಹೊರಗಿನವರು ಬಂದು ತಟ್ಟುವಂಥ ಬಾಗಿಲಿಲ್ಲ. ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ಒಳಗೆ ಬರುವಂತಿಲ್ಲ. ಭದ್ರತೆಗೆ ಅದೇ ಒಳ್ಳೆಯದು. ಹಾಗಾಗಿ ಮಗಳು ಪದ್ಧತಿಯನ್ನೇ ತಿರುಗುಮುರುಗು ಮಾಡಿದಳು. ಪುಣೆಯಿಂದ ಹಾಜರಿ ಕೂಗುವ ಬದಲು, ಧಾರವಾಡದ ಪೆಟ್ಟಿಗೆಯೇ ಐದು ನಿಮಿಷಕ್ಕೊಮ್ಮೆ "ನಾನಿದ್ದೇನೆ" ಎಂದು ಪುಣೆಗೆ ಹೇಳಿ ಕಳಿಸಬೇಕು. ದಿನಕ್ಕೆ 288 ಹಾಜರಿ. ನಮ್ಮ ಮನೆಯ ನೆಟ್ಟಿಗೆ ಹೊರಗಿನಿಂದ ಕಾಣುವ ಸ್ಥಿರ ವಿಳಾಸ ತೆಗೆದುಕೊಂಡು, ವೈರ್‌ಗಾರ್ಡ್ ಎಂಬ ತಂತ್ರಾಂಶದಿಂದ ಎರಡು ಪೆಟ್ಟಿಗೆಗಳ ನಡುವೆ ಬೇರೆಯವರು ಓದಲಾಗದ ಗುಪ್ತದಾರಿ ಮಾಡಿದಳು. ಮೂರು ಹಾಜರಿ ಸಾಲಾಗಿ ತಪ್ಪಿದರೆ ನಮ್ಮ ಪರದೆಯ ಹಸಿರು ಚುಕ್ಕೆ ಕೆಂಪಾಗುತ್ತದೆ, ಮೊಬೈಲಿಗೆ ಸುದ್ದಿ ಬರುತ್ತದೆ.

ಅಷ್ಟೇ ಅಲ್ಲ. ಧಾರವಾಡದ ಪೆಟ್ಟಿಗೆ ತನ್ನಲ್ಲೂ ಒಂದು ದಿನಚರಿ ಬರೆಯುತ್ತದೆ: ಮನೆಯ ರೌಟರ್ ಓ ಎಂದಿತೆ, ನೆಟ್ ಕೊಡುವವರ ಮೊದಲ ಯಂತ್ರ ಓ ಎಂದಿತೆ, ಅದರಾಚೆಯ ಜಗತ್ತು ಓ ಎಂದಿತೆ. ಸಂಪರ್ಕ ಮರಳಿದ ಮೇಲೆ ಈ ದಿನಚರಿ ತೆರೆದರೆ ಪತ್ತೇದಾರಿ ಕಾದಂಬರಿಯಷ್ಟೇ ಸ್ವಾರಸ್ಯ. ಬರಹ ತಡೆಯಿಲ್ಲದೆ ಸಾಗಿ, ರೌಟರ್ ಮಾತ್ರ ಓ ಎಂದಿದ್ದರೆ ಮನೆಯೊಳಗೆ ಎಲ್ಲ ಸರಿ, ತೊಂದರೆ ಹೊರಗಿನ ತಂತಿಯದು. ಬರಹವೇ ನಡುವೆ ನಿಂತಿದ್ದರೆ ಹೋದದ್ದು ಕರೆಂಟು. ಒಂದು ಎಚ್ಚರಿಕೆ: ಈ ಪುಟ್ಟ ಪೈಗಳಲ್ಲಿ ಕರೆಂಟು ಹೋದರೂ ನಡೆಯುವ ಗಡಿಯಾರವಿಲ್ಲ. ಮತ್ತೆ ಎದ್ದಾಗ ನೆಟ್ಟಿನಿಂದಲೇ ವೇಳೆ ಕೇಳಿಕೊಳ್ಳುತ್ತವೆ. ಆದ್ದರಿಂದ ಎದ್ದ ಕೂಡಲೇ ಬರೆದ ಸಾಲುಗಳ ವೇಳೆಯನ್ನು ನಂಬಬೇಡಿ. ಇನ್ನೊಂದು, ಪದೇ ಪದೇ ಬರೆದರೆ ಮತ್ತು ಪದೇ ಪದೇ ಕರೆಂಟು ಹೋದರೆ ಅದರ ಮೆಮೊರಿ ಕಾರ್ಡು ಕೆಡುತ್ತದೆ. ದಿನಚರಿ ಚಿಕ್ಕದಾಗಿರಲಿ, ಕಾರ್ಡಿನ ನಕಲು ಒಂದಿರಲಿ.

ಕಾಯುವವನೇ ಮಲಗಿದರೆ? ಪುಣೆಯಲ್ಲಿ ಗುರುವಾರ ದುರಸ್ತಿಗೆಂದು ಕರೆಂಟು ತೆಗೆಯುವುದು ನಿಮಗೆ ಗೊತ್ತೇ ಇದೆ. ಆಗ ಧಾರವಾಡದಲ್ಲಿ ಏನಾದರೂ ನಮ್ಮ ಪೆಟ್ಟಿಗೆಗೆ ತಿಳಿಯದು. ಅದಕ್ಕೆ ರೌಟರನ್ನೂ ಪೈಯನ್ನೂ ಸಣ್ಣ ಬ್ಯಾಟರಿಗೆ ಜೋಡಿಸಿದೆವು, ಮತ್ತು ಪುಣೆಯ ಪೆಟ್ಟಿಗೆಯನ್ನು ಕಾಯುವ ಕೆಲಸವನ್ನು ಧಾರವಾಡದ ಪೆಟ್ಟಿಗೆಗೆ ಕೊಟ್ಟೆವು. ತಳವಾರನಿಗೊಬ್ಬ ತಳವಾರ!

ಇದೇ ಕೆಲಸದ ದೊಡ್ಡ ರೂಪ ನೋಡಬೇಕೆಂದರೆ ನೀವು ದೂರ ಹೋಗಬೇಕಿಲ್ಲ. ಪುಣೆಯಿಂದ ಸುಮಾರು 80 ಕಿಲೋಮೀಟರ್ ಉತ್ತರಕ್ಕೆ, ನಾರಾಯಣಗಾಂವ ಹತ್ತಿರದ ಖೋಡದದಲ್ಲಿ ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ ಕಟ್ಟಿದ ಜಿ.ಎಂ.ಆರ್.ಟಿ. ರೇಡಿಯೋ ದೂರದರ್ಶಕವಿದೆ. 45 ಮೀಟರ್ ಅಗಲದ 30 ಬೋಗುಣಿಗಳು. 14 ನಡುವೆ ಒತ್ತಾಗಿ, ಉಳಿದ 16 ಮೂರು ಕವಲುಗಳಲ್ಲಿ, ಒಟ್ಟು ಸುಮಾರು 25 ಕಿಲೋಮೀಟರ್ ಹರವಿನಲ್ಲಿ. ಹೊಲಗದ್ದೆಗಳ ನಡುವೆ ಒಂಟಿಯಾಗಿ ನಿಂತ ಒಂದೊಂದು ಆ್ಯಂಟೆನಾದಲ್ಲೂ ಅದರ ಸ್ಥಿತಿಗತಿ ನೋಡಿ ವರದಿ ಒಪ್ಪಿಸುವ ಚಿಕ್ಕ ಎಲೆಕ್ಟ್ರಾನಿಕ್ ಕಾರ್ಡುಗಳಿವೆ. ಆ ವರದಿಗಳು ಗಾಜಿನ ಎಳೆಯ ತಂತಿಯ ಮೂಲಕ ನಡುವಿನ ಕಟ್ಟಡಕ್ಕೆ ಬರುತ್ತವೆ. ಜೋರು ಗಾಳಿ ಬೀಸಿದರೆ ಬೋಗುಣಿಗಳನ್ನು ಆಕಾಶಕ್ಕೆ ಮುಖಮಾಡಿ ನಿಲ್ಲಿಸುತ್ತಾರೆ. ಕೋಟಿಗಟ್ಟಲೆ ಜ್ಯೋತಿರ್ವರ್ಷ ದೂರ ನೋಡುವ ಕಣ್ಣಿಗೂ, ತನ್ನ ಕೈಕಾಲು ನೆಟ್ಟಗಿದೆಯೇ ಎಂದು ಹೇಳಲು ಇಂಥ ಚಿಕ್ಕ ತಳವಾರರೇ ಬೇಕು.

ಸರಿ, ಧಾರವಾಡಕ್ಕೆ ಮರಳೋಣ. ಹೋದ ವರ್ಷ ಜೂನ್ ಮೊದಲ ವಾರದಲ್ಲಿ ಪೆಟ್ಟಿಗೆ ಇಟ್ಟು ಬಂದೆವು. ಅವ್ವನಿಗೆ "ನೆಟ್ ಛಲೋ ಓಡಲಿ ಅಂತ ಇಟ್ಟೀವಿ" ಎಂದಷ್ಟೇ ಹೇಳಿದೆವು. ಮಳೆಗಾಲ ಪೂರ್ತಿ ಪರದೆಯ ಮೇಲೆ ಹಸಿರು ಚುಕ್ಕೆ. ಒಂದೆರಡು ಸಲ ಕೆಂಪಾದಾಗ ತಂತಿಯ ತೊಂದರೆಯೆಂದು ಕೂಡಲೇ ತಿಳಿದು ದೂರು ಕೊಟ್ಟೆವು. ಮಗಳ ಬೆನ್ನು ತಟ್ಟಿದೆ.

ಅಕ್ಟೋಬರಿನ ಒಂದು ಸಂಜೆ ಏಳೂವರೆಗೆ ಚುಕ್ಕೆ ಕೆಂಪಾಯಿತು. ಮೊಬೈಲಿಗೆ ಹಚ್ಚಿದರೆ ಸ್ವಿಚ್ ಆಫ್. ಎದೆ ಧಸಕ್ಕೆಂದಿತು. ಪಕ್ಕದ ಮನೆಯವರಿಗೆ ಫೋನು ಮಾಡಿದೆವು. ಪಾಪ, ಆ ಮಹಾರಾಯರು ಸುರಿವ ಮಳೆಯಲ್ಲಿ ಕೊಡೆ ಹಿಡಿದು ಹೋಗಿ ನೋಡಿದರೆ, ಅವ್ವ ದೀಪ ಹಚ್ಚಿಕೊಂಡು ಅವರೆಕಾಯಿ ಸುಲಿಯುತ್ತ ಕೂತಿದ್ದಾಳೆ! ಗುಡುಗು ಸಿಡಿಲು ಜೋರಾಯಿತೆಂದು ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತಿಟ್ಟಿದ್ದಾಳೆ, ಮೊಬೈಲಿನ ಚಾರ್ಜರು ಸಮೇತ. ಮಾಡಿದ್ದು ಸರಿಯೇ.

ದೀಪಾವಳಿಗೆ ಊರಿಗೆ ಹೋದಾಗ ಪಂಚಾಯಿತಿ ಸೇರಿತು. ಅವ್ವ ಪೆಟ್ಟಿಗೆಯತ್ತ ಕೈ ಮಾಡಿ ಕೇಳಿದಳು: "ಏನಪಾ, ಇದನ್ನ ನನ್ನ ಮ್ಯಾಲೆ ಕಣ್ಣಿಡಾಕ ಇಟ್ಟೀಯೇನು? ನಾ ಪ್ಲಗ್ ಕಿತ್ತಿದ್ದು ಪುಣೇದಾಗ ಹ್ಯಾಂಗ ಗೊತ್ತಾತು?"

ನಾನು ತಡವರಿಸಿದೆ. ಮಗಳು ಅಜ್ಜಿಯ ಪಕ್ಕ ಕೂತು ಎಲ್ಲ ಬಿಡಿಸಿ ಹೇಳಿದಳು. ಇದರಲ್ಲಿ ಕ್ಯಾಮೆರಾ ಇಲ್ಲ, ಮಾತು ಕೇಳುವುದಿಲ್ಲ, ನೀನು ಟಿ.ವಿ.ಯಲ್ಲಿ ಏನು ನೋಡಿದೆ ಎಂದು ಇದಕ್ಕೆ ತಿಳಿಯದು, ನೆಟ್ ಇದೆಯೋ ಇಲ್ಲವೋ ಅಷ್ಟೇ. ನಮ್ಮೂರ ತಳವಾರನ ಹಾಗೆ, ಓಣಿಯಿಂದ ನೋಡುತ್ತದೆ. ಅವ್ವ ಎಲ್ಲ ಕೇಳಿಸಿಕೊಂಡು, "ತಳವಾರ ಬರ್ತಾನಂತ ಊರಾಗ ಎಲ್ಲಾರಿಗೂ ಗೊತ್ತಿರತಿತ್ತು ತಂಗೀ. ನನಗ ಯಾರೂ ಹೇಳಲಿಲ್ಲಲಾ" ಎಂದಳು. ನಮ್ಮ ಬಳಿ ಉತ್ತರವಿರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಸೇರಿಸಿದಳು: "ಮತ್ತ ಈ ಡಬ್ಬಿ ಬಂದಮ್ಯಾಲೆ ನಿಮ್ಮ ಫೋನ್ ಕಡಿಮಿ ಆಗ್ಯಾವ."

"ಇಲ್ಲ ಅಜ್ಜಿ" ಎಂದಳು ಮಗಳು. ಆದರೆ ಅವಳು ಲೆಕ್ಕದ ಹುಡುಗಿ. ರಾತ್ರಿ ನನ್ನ ಮೊಬೈಲನ್ನೂ ತನ್ನದನ್ನೂ ತೆಗೆದು ಕರೆಗಳ ಪಟ್ಟಿ ಎಣಿಸಿದಳು. ಮೇ ತಿಂಗಳಲ್ಲಿ ಇಬ್ಬರದೂ ಸೇರಿ 19 ಕರೆ. ಸೆಪ್ಟೆಂಬರಿನಲ್ಲಿ 6. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮರೆತಿರಲಿಲ್ಲ. ದಿನವೂ ಹಸಿರು ಚುಕ್ಕೆ ನೋಡುತ್ತಿದ್ದೆವು, ನೋಡಿ ಸಮಾಧಾನಪಡುತ್ತಿದ್ದೆವು. ಆ ಚುಕ್ಕೆ ಹೇಳಿದ್ದು ರೌಟರ್ ಕ್ಷೇಮವೆಂದು. ನಾವು ಓದಿಕೊಂಡದ್ದು ಅವ್ವ ಕ್ಷೇಮವೆಂದು. ಕೆಂಪಾದರೆ ಆಕೆಗೆ ಏನೋ ಆಗಿದೆ ಎಂದಲ್ಲ ಎಂಬುದು ಸಿಡಿಲಿನ ಸಂಜೆ ತಿಳಿಯಿತು. ಹಸಿರಾಗಿದ್ದರೆ ಆಕೆ ಸುಖವಾಗಿದ್ದಾಳೆ ಎಂದೂ ಅಲ್ಲ ಎಂಬುದು ದೀಪಾವಳಿಯ ರಾತ್ರಿ ತಿಳಿಯಿತು. ಅವ್ವನ ವಿಷಯದಲ್ಲಿ ಆ ಪೆಟ್ಟಿಗೆಯ ನಿಜವಾದ ಉತ್ತರ ಯಾವಾಗಲೂ ನಾಲ್ಕನೆಯದೇ: ಗೊತ್ತಿಲ್ಲ.

ಪೆಟ್ಟಿಗೆಯನ್ನು ತೆಗೆಯಲಿಲ್ಲ. ಅವ್ವನೇ "ಇರಲಿ ಬಿಡು, ಕೆಲಸಕ್ಕ ಬರತೈತಿ" ಎಂದಳು. ಸಿಡಿಲು ಬಂದರೆ ಪ್ಲಗ್ಗು ಕೀಳುವ ಮುಂಚೆ ಮೊಬೈಲಿನಿಂದ ಒಂದು ಕರೆ ಕೊಡುವುದೆಂದು ಮಾತಾಯಿತು. ಪುಣೆಗೆ ಬಂದ ಮೇಲೆ ಮಗಳು ಒಂದು ಸಾಲು ಸೇರಿಸಿದಳು. ಈಗ ನಮ್ಮ ಪರದೆಯಲ್ಲಿ 'ಧಾರವಾಡ ನೆಟ್' ಎಂಬುದರ ಕೆಳಗೆ 'ಅಜ್ಜಿಗೆ ಫೋನ್' ಎಂಬ ಇನ್ನೊಂದು ಚುಕ್ಕೆಯಿದೆ. ನಾವು ಮಾತಾಡಿ ಮುಗಿಸಿದಾಗ ಒಂದು ಗುಂಡಿ ಒತ್ತಬೇಕು. ಎರಡು ದಿನ ಯಾರೂ ಒತ್ತದಿದ್ದರೆ ಹಳದಿ, ಮೂರು ದಿನವಾದರೆ ಕೆಂಪು. ಅಂದರೆ ತಳವಾರ ಈಗ ಅವ್ವನನ್ನಲ್ಲ, ನಮ್ಮನ್ನು ಕಾಯುತ್ತಿದ್ದಾನೆ. ಎರಡು ಸಲ ಹಳದಿಯಾಗಿದೆ. ಎರಡೂ ಸಲ ತಪ್ಪಿತಸ್ಥ ನಾನೇ.

ಮಿತ್ರರೇ, ನಿಮ್ಮಲ್ಲಿ ಬಹುಮಂದಿಯ ಅಜ್ಜ ಅಜ್ಜಿಯರು ಬೆಳಗಾವಿ, ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರಗಳಲ್ಲಿದ್ದಾರೆ. ನೀವೂ ಇಂಥ ಪೆಟ್ಟಿಗೆ ಇಡಿ ಎಂದೇ ನನ್ನ ಸಲಹೆ, ಖರ್ಚು ಕಡಿಮೆ, ಕಲಿಕೆ ಹೆಚ್ಚು. ಆದರೆ ಕೆಲವು ಮಾತು ನಡೆಸಿಕೊಡಿ. ಯಾರ ಮನೆಯಲ್ಲಿ ಇಡುತ್ತೀರೋ ಅವರಿಗೆ ಮೊದಲೇ ಎಲ್ಲ ತಿಳಿಸಿ, ಒಪ್ಪಿಗೆ ಪಡೆಯಿರಿ. ಅದು ಏನು ನೋಡುತ್ತದೆ, ಏನು ನೋಡುವುದಿಲ್ಲ ಎಂದು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಪಕ್ಕದಲ್ಲಿ ಅಂಟಿಸಿ. ಹೊಸ ಪೈಗೆ ಗಟ್ಟಿಯಾದ ಗುಪ್ತಪದ ಕೊಡಿ, ತಂತ್ರಾಂಶವನ್ನು ಆಗಾಗ ಹೊಸದು ಮಾಡಿ. ಕಾವಲುಗಾರನ ಬೀಗವೇ ಸಡಿಲವಿದ್ದರೆ ಕಳ್ಳನಿಗೆ ಅದೇ ಹೆಬ್ಬಾಗಿಲು. ಕೈಗೆ ಯಂತ್ರ ಬಂತೆಂದು ಸೊಸೈಟಿಯ ನೆರೆಮನೆಯವರ ನೆಟ್ಟಿನೊಳಗೆ ಇಣುಕಬೇಡಿ. ಅನುಮತಿಯಿಲ್ಲದೆ ಪರರ ಗಣಕಜಾಲ ಹೊಗುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಂತೆ ದಂಡಾರ್ಹ. ಕಾಯ್ದೆ ಇರಲಿ, ತಳವಾರನ ಧರ್ಮಕ್ಕೇ ಅದು ಹೊರತು.

ಮೊದಲ ಸಲ ಜೋಡಿಸುವಾಗ ತೊಡಕಾದರೆ ಭಾನುವಾರ ತರಗತಿ ಮುಗಿದ ಮೇಲೆ ಬನ್ನಿ. ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ, ಗೊತ್ತಿಲ್ಲದ್ದನ್ನು ಮಗಳು ಹೇಳುತ್ತಾಳೆ. ಅಲ್ಲಿಯವರೆಗೆ ಒಂದು ಮನೆಗೆಲಸ, ಇದಕ್ಕೆ ಯಂತ್ರವೂ ಬೇಡ, ಖರ್ಚೂ ಇಲ್ಲ. ನಿಮ್ಮ ಮೊಬೈಲು ತೆಗೆದು, ಹೋದ ತಿಂಗಳು ಊರಿನ ಅಜ್ಜ ಅಜ್ಜಿಗೆ ಎಷ್ಟು ಸಲ ಫೋನು ಹಚ್ಚಿದ್ದೀರಿ ಎಣಿಸಿ. ಲೆಕ್ಕ ನನಗೆ ಒಪ್ಪಿಸಬೇಕಿಲ್ಲ. ಕಡಿಮೆಯೆನಿಸಿದರೆ ಈ ಪತ್ರಿಕೆ ಮಡಚಿಟ್ಟು ಈಗಲೇ ಒಂದು ಕರೆ ಮಾಡಿ, ಕನ್ನಡದಲ್ಲೇ ಮಾತಾಡಿ. ನಡುವೆ ಮರಾಠಿ ನುಸುಳಿದರೂ ಅಡ್ಡಿಯಿಲ್ಲ, ಅವರಿಗೆ ತಿಳಿಯುತ್ತದೆ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.

ನಿಮ್ಮ,
ಕಾಕಾ